ರೊಟ್ಟಿ ಕೇಳದ ಗೋಡೆ

ಹೊಗಳಿಕೆ ಎಂಬುದು ನನಗೆ ಒಗ್ಗುವ ಪದಾರ್ಥವಲ್ಲ ಎಂದು ತಿಳಿಯಲು ನಲವತ್ತು ವರ್ಷ ಬೇಕಾಯಿತು. ತಿಳಿದ ದಿನ ನಾನು ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದೆ. ಇರಕಲ್ಲಗಡದ ಕಡೆಯಿಂದ ಬಳೆ ಮಾರುತ್ತ ಬಂದ ಶಾಂತವ್ವ ಹೊಸ್ತಿಲಲ್ಲಿ ಕುಳಿತು ನೀರು ಕುಡಿದಳು. ನನ್ನ ಮಗಳು ಗೌರಿಯನ್ನು ಕೊಟ್ಟದ್ದು ಆ ಊರಿಗೇ.

"ಯಕ್ಕಾ, ನಿಮ್ಮ ಬೀಗತಿ ಹೇಳಿ ಕಳಿಸ್ಯಾರ. ಗೌರವ್ವನ್ನ ಹೆರಿಗೀಗೆ ಇಲ್ಲಿಗೆ ಕಳಸಂಗಿಲ್ಲಂತ. ಕುಬಸಾನೂ ಅಲ್ಲೇ, ಬಾಣಂತನಾನೂ ಅಲ್ಲೇ."

"ಚೊಚ್ಚಲ ಹೆರಿಗಿ ತವರಮನ್ಯಾಗಲ್ಲೇನ? ಯಾಕಂತ?"

"ಗ್ವಾಡಿ ಅಂದ್ರು. ಅಷ್ಟ ಹೇಳು, ಅವರಿಗೆ ತಿಳೀತೈತಿ ಅಂದ್ರು."

ನನಗೆ ತಿಳಿಯಿತು. ನಿಮಗೆ ತಿಳಿಯಬೇಕಾದರೆ ನಮ್ಮ ಗೋಡೆಯ ಸಂಗತಿ ಹೇಳಬೇಕು.

ನಮ್ಮದು ಕಡಲ ದಂಡೆಯ ಮಂಗಳೂರಲ್ಲ, ಅದೇ ಹೆಸರಿನ ಬಯಲುಸೀಮೆಯ ಹಳ್ಳಿ. ಇಲ್ಲಿನ ಎಲ್ಲ ಮನೆಗಳಂತೆ ನಮ್ಮಲ್ಲೂ ದನಗಳು ಮನೆಯೊಳಗೇ ಇರುತ್ತವೆ. ತಲೆಬಾಗಿಲು ದಾಟಿದರೆ ಅವುಗಳ ಜಾಗ, ಒಂದು ಮೆಟ್ಟಿಲು ಮೇಲೆ ನಮ್ಮದು. ದನ ಮೇಯುವ ಗ್ವಾದಲಿಗೂ ಬಾಣಂತಿ ಕೋಣೆಗೂ ನಡುವೆ ಇರುವುದು ಒಂದೇ ಮಣ್ಣಿನ ಗೋಡೆ. ಮೂರು ತಲೆಮಾರಿನ ಎತ್ತುಗಳ ಗಂಜಳ ಹೀರಿ ಅದರ ಬುಡದಲ್ಲಿ ಬೆಳ್ಳಗೆ ಉಪ್ಪು ಅರಳಿ ಉದುರುತ್ತಿತ್ತು. ಗ್ವಾದಲಿಯನ್ನು ಹಿತ್ತಿಲಿಗೆ ಸರಿಸಿರಿ ಎಂದು ಮನೆಯವರಿಗೆ ಎರಡು ವರ್ಷದಿಂದ ಹೇಳುತ್ತಿದ್ದೆ. "ಆಗಲೇಳು" ಎನ್ನುತ್ತಿದ್ದರು. ಹಾಗೆಂದರೆ ಇಲ್ಲ ಎಂದು ಅರ್ಥ. ನಾನು ವಾರಕ್ಕೊಮ್ಮೆ ಸಗಣಿ ಸಾರಿಸಿ ಮಾನ ಮುಚ್ಚುತ್ತಿದ್ದೆ. ಸಗಣಿಗಾದರೂ ಕೊರತೆ ಮಾಡಲಿಲ್ಲವಲ್ಲ ಎಂದು ಶಿವನಿಗೆ ಕೈ ಮುಗಿಯುತ್ತಿದ್ದೆ.

ಹೋದ ವರ್ಷ ನನ್ನ ಮೈದುನ ರಜೆಗೆ ಬಂದ. ಹೈದರಾಬಾದಿನಲ್ಲಿ ಒಕ್ಕಲುತನದ ವಿದ್ಯೆ ಕಲಿತು ಸರಕಾರಿ ನೌಕರಿಯಲ್ಲಿದ್ದಾನೆ. ಬಂದವನೇ ಆ ಉಪ್ಪನ್ನು ಕೆರೆದು ನಾಲಿಗೆಗೆ ಹಚ್ಚಿಕೊಂಡ. ನಾನು ಮಾಡಿದ ಚಟ್ನಿಯನ್ನು ಅಷ್ಟು ಲಕ್ಷ್ಯಕೊಟ್ಟು ಯಾರೂ ನೆಕ್ಕಿಲ್ಲ.

"ವೈನಿ, ಇದು ಕಸಲ್ಲ, ಭಾಳ ಛಲೋ ಗೊಬ್ಬರ. ಗಂಜಳದಿಂದ ಇದನ್ನ ಮಾಡೂವು ಕಣ್ಣಿಗೆ ಕಾಣದಂಥಾ ಜೀವ. ಮೈ ಬೆಳಿಯಾಕ ಎಲ್ಲಾ ಜೀವಕ್ಕೂ ಇದ್ದಲಿ ಅಂಶ, ಅಂದ್ರ ಕಾರ್ಬನ್, ಬೇಕ್ರಿ. ನಮಗ ಅದು ರೊಟ್ಟ್ಯಾಗ, ಕಾಳಿನಾಗ ಸಿಗತೈತಿ. ಇವು ಗಾಳ್ಯಾಗಿಂದ, ಸುಣ್ಣದ ಕಲ್ಲಿನಾಗಿಂದ ತಗೊಂತಾವು. ಗಂಜಳದ ಘಾಟು ಇವುಕ್ಕ ಒಲಿಗೆ ಕಟಗಿ ಇದ್ದಂಗ."

"ಒಂದೀಟು ಬೆಲ್ಲದ ನೀರು ಹಾಕಿದ್ರ?" ಎಂದರು ನಮ್ಮ ಮನೆಯವರು. ಆ ಉಪಚಾರದ ದನಿಯನ್ನು ನಾನು ನನ್ನ ಬಾಣಂತನದಲ್ಲೂ ಕೇಳಿರಲಿಲ್ಲ.

"ಸ್ವಲ್ಪ ಮುಟ್ಟಿದ್ರೂ ಮುಟ್ಟಿಯಾವು, ಅದರ ಮ್ಯಾಲೆ ಬಾಳೇವು ಮಾಡಂಗಿಲ್ಲ. ಬೆಲ್ಲ, ಸಗಣಿ ಹೆಚ್ಚಾತಂದ್ರ ಬ್ಯಾರೆ ಉಂಡಾಡಿ ಹುಳ ಮುತ್ತಿ, ಇವುಕ್ಕ ಗಾಳಿ ಬಿಡಂಗಿಲ್ಲ. ಅದಕ್ಕ ವೈನಿ, ಗ್ವಾಡಿಗೆ ಸಾರಸೂದು ಬಿಡ್ರಿ."

ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ನನ್ನ ಅತ್ತೆ ತಲೆಯೆತ್ತಿದರು. "ಉಣ್ಣಾಕ ಕೇಳಂಗಿಲ್ಲ, ಹಗಲೂ ರಾತ್ರಿ ದುಡೀತಾವು. ಇಂಥಾ ಸೊಸೀನ ಹುಡುಕಬೇಕಿತ್ತು ನಾನು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ಮನೆಯಲ್ಲಿ ಕಡೆಗೆ ಉಣ್ಣುವವಳು ನಾನು. ರೊಟ್ಟಿ ಬುಟ್ಟಿ ನನ್ನ ಬಳಿ ಬರುವಾಗ ಅದರಲ್ಲಿ ಎಷ್ಟೋ ದಿನ ಗಾಳಿಯೇ ಇರುತ್ತದೆ. ಗೋಡೆಯೊಳಗೆ ನನ್ನ ಬಳಗವಿರುವುದು ಅಂದೇ ಗೊತ್ತಾದದ್ದು.

ಅಲ್ಲಿಗೆ ಸಾರಣೆ ನಿಂತಿತು. ಗ್ವಾದಲಿಯ ಮಾತೂ ನಿಂತಿತು. ಕೆರೆದ ಮಣ್ಣು ಮೆಣಸಿನ ಮಡಿಗೆ ಹೋಯಿತು. ಮೆಣಸಿನಕಾಯಿ ಚೆನ್ನಾಗಿ ಬಂದವು, ಸುಳ್ಳು ಹೇಳಬಾರದು. ಗೋಡೆಯ ಬುಡದಲ್ಲಿ ಬೆಕ್ಕು ಮಲಗುವಷ್ಟು ಗವಿಯೂ ಬಂತು.

ಇಷ್ಟು ಹೇಳಿ ಗಂಡಸರ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬಹುದಿತ್ತು. ಆದರೆ ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಳ್ಳುವ ಹಣೆ ಇದು. ಹೊರಡುವಾಗ ಮೈದುನ, "ಇಂಥಾ ಗ್ವಾಡಿ ತಾಲೂಕಿನಾಗ ಎಲ್ಲೂ ಇಲ್ಲ ನೋಡ್ರಿ ವೈನಿ" ಎಂದಿದ್ದ. ನನಗೆ ಸೇರಿದ ಯಾವುದನ್ನೂ ಅದುವರೆಗೆ ಯಾರೂ ಹಾಗೆ ಅಂದಿರಲಿಲ್ಲ. ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದೆ. ಹೋದ ತಿಂಗಳು ಬಸುರಿಗೆ ಮಾಡುವ ಕುಬಸದ ಮಾತಾಡಲು ಬೀಗತಿ ಬಂದರು. ಪಡಸಾಲೆಯಲ್ಲಿ ಕುಳಿತು ಮಾದಲಿ ತಿನ್ನುತ್ತಿದ್ದ ಅವರನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋದವಳು ನಾನೇ. ಬಾಣಂತಿ ಕೋಣೆಯ ಕತ್ತಲಲ್ಲಿ ಕಾಣಲಿ ಎಂದು ದೀಪವನ್ನೂ ಹಿಡಿದೆ.

"ಸರಕಾರದವರು ಮೆಚ್ಚಿದ ಗ್ವಾಡಿ ನೋಡ್ರಿ. ಗಂಜಳದಾಗ ಬೆಳದಾವು, ಗಾಳಿ ತಿಂದು ಬದುಕತಾವು."

ಬೀಗತಿ ಒಂದು ಬೆರಳಿನಿಂದ ಸವರಿದರು. "ಇದರಾಗ ಭಾಳ ಜೀವ ಅದಾವೇನ್ರಿ?"

"ಎಣಿಸಾಕ ಬರಂಗಿಲ್ರಿ" ಎಂದೆ, ನಾನೇ ಹೆತ್ತವಳ ಹಾಗೆ.

"ಛಲೋ ಆತ್ರಿ, ಬೀಗತ್ಯಾರ. ತೋರಿಸಿದ್ದು ಛಲೋ ಆತು." ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೊರಗೆ ಬಂದರು. ಮಾದಲಿ ಅರ್ಧ ಉಳಿಯಿತು. ಹೊಟ್ಟೆ ತುಂಬಿರಬೇಕೆಂದುಕೊಂಡೆ.

ಮಧ್ಯಾಹ್ನ ಮನೆಯವರಿಗೆ ಸುದ್ದಿ ಹೇಳಿದೆ. "ಹಂಗಾದ್ರ ಗ್ವಾದಲಿ ಸರಸಾಕ ಇನ್ನೇನ ಅವಸರ ಇಲ್ಲ" ಎಂದರು. ಬೀಗತಿ ಕೆಟ್ಟವರಲ್ಲ, ಶುಚಿ ಹೆಚ್ಚು. ಸೂಲಗಿತ್ತಿಯ ಮನೆ ಅವರಿಗೆ ಹತ್ತಿರ. ಅದೂ ಶಿವನ ದಯೆಯೇ. ಆದರೆ ನೋವು ಬರುವವರೆಗೆ ಗೌರಿಯನ್ನು ಒಲೆಯ ಮುಂದಿನಿಂದ ಏಳಿಸುವವರು ಅಲ್ಲಿ ಯಾರಿದ್ದಾರೆ? ಸುಸ್ತಾಯಿತು ಎಂದು ಅವಳಾಗಿ ಹೇಳುವವಳಲ್ಲ. ಹಾಗೆ ಬೆಳೆಸಿದವಳೂ ನಾನೇ.

ನಾಲ್ಕು ದಿನ ಬಿಟ್ಟು ಶಾಂತವ್ವ ಮತ್ತೆ ಆ ಕಡೆ ಹೋಗುತ್ತಾಳೆ. ಅವಳ ಕೈಯಲ್ಲಿ ಗೌರಿಗೆ ಅಂಟಿನುಂಡಿ ಕಳಿಸಬೇಕು, ಬಾಣಂತನದವರೆಗೂ ಕೆಡುವುದಿಲ್ಲ. ಉಂಡಿಯನ್ನು ಗಸಗಸೆಯಲ್ಲಿ ಹೊರಳಿಸುವುದು ನಮ್ಮ ಪದ್ಧತಿ. ಮೇಲೆ ಬೆಳ್ಳಗಿರುವುದನ್ನು ಕಂಡು ಬೀಗತಿ ಬೆರಳಿಟ್ಟು ನೋಡಿಯಾರೆಂದು ಗಸಗಸೆಯನ್ನು ಡಬ್ಬಿಯಲ್ಲೇ ಬಿಟ್ಟೆ. ಕೊಬ್ಬರಿ ತುರಿಯಲು ಕುಳಿತೆ.