ಹಸಿರು ಲುಂಗಿಯವರ ಬಾಜೂ ಮನೆ

ಲುಂಗಿ ಉಡುವ ಊರಲ್ಲಿ ಹುಟ್ಟಿದವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ಸೊಂಟಕ್ಕೇ ಸುತ್ತಿಕೊಂಡಿರುತ್ತದೆ. ಎಷ್ಟೇ ಬಿಗಿಯಾಗಿ ಕಟ್ಟಿಕೊಳ್ಳಿ, ದಿನಕ್ಕೊಮ್ಮೆಯಾದರೂ ಸಡಿಲಾಗುತ್ತದೆ. ನನ್ನದು ಸಡಿಲಾದದ್ದಕ್ಕೆಲ್ಲ ಒಬ್ಬರೇ ಕಾರಣ. ಅವರ ಮೇಲೆ ನನಗಿದ್ದದ್ದು ಶುದ್ಧ ಹೊಟ್ಟೆಕಿಚ್ಚು. ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ವಿಳಾಸ

ನಾನಾಗ ಅಂಕೋಲೆಯ ಶಾಲೆಯೊಂದರಲ್ಲಿ ಕಾರಕೂನ. ಬೊಬ್ರುವಾಡದ ಸಾಲುಮನೆಯಲ್ಲಿ ಬಾಡಿಗೆಗಿದ್ದೆ. ಮನೆಗೆ ಬಂದ ಮೇಲೆ ನೀಲಿ ಚೌಕುಳಿಯ ಲುಂಗಿ. ನನಗೆ ಎರಡಿದ್ದವು, ಎರಡೂ ನೀಲಿ, ಎರಡೂ ಚೌಕುಳಿ. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಮೊಬೈಲು ಊರಿಗೆ ಹೊಸದಾಗಿ ಬಂದಿದ್ದ ಆ ದಿನಗಳಲ್ಲಿ ಬಾಜೂ ಮನೆಗೆ ಒಬ್ಬರು ಬಂದರು. ಕರೆಂಟಿನ ಕೆಲಸದವರು, ಕದ್ರಾದಿಂದ ವರ್ಗವಾಗಿ ಬಂದದ್ದರಿಂದ ಎಲ್ಲರೂ ಅವರನ್ನು ‘ಕದ್ರಾದವರು’ ಎನ್ನುತ್ತಿದ್ದರು. ಹಗಲಿಡೀ ಖಾಕಿಯಲ್ಲಿರುವ ಮನುಷ್ಯ ಸಂಜೆ ಐದೂವರೆಗೆ ಮಿಂದು ಹೊರಬಂದರೆ ಮೈಮೇಲೆ ಗಿಳಿಹಸಿರು ಲುಂಗಿ. ಮರುದಿನ ನೇರಳೆ, ಅದಕ್ಕೆ ಜರಿಯಂಚು. ಅದರ ಮಾರನೇ ದಿನ ಅರಿಶಿನ. ಮಡಚಿ ಎತ್ತಿ ಕಟ್ಟಿ, ಸೊಂಟದಲ್ಲಿ ಮೊಬೈಲು ಸಿಕ್ಕಿಸಿ, ಪೇಟೆಯ ಕಡೆ ನಡೆದರೆ ಸಾಲುಮನೆಯ ಕಿಟಕಿಗಳೆಲ್ಲ ತೆರೆಯುತ್ತಿದ್ದವು. ಅವುಗಳಲ್ಲಿ ಒಂದು ನನ್ನದೇ ಮನೆಯ ಕಿಟಕಿ.

“ಗಂಡಸ್ರು ಅಂದ್ರೆ ಹಾಗೆ ಇರ್ಬೇಕು ನೋಡಿ,” ಎಂದಳು ನನ್ನ ಹೆಂಡತಿ. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಉಡುಪಿನ ಬಗ್ಗೆ ಅವಳು ಹೇಳಿದ್ದು ಒಂದೇ ಮಾತು: “ಅದನ್ನ ಒಗೀಲಿಕ್ಕೆ ಹಾಕಿ.” ನನಗೆ ಬೇಕಾದದ್ದು ದೊಡ್ಡ ಬಿರುದೇನಲ್ಲ. ಅವಳ ಬಾಯಿಂದ ಒಮ್ಮೆ ‘ಚಂದ ಕಾಣ್ತೀರಿ’ ಎಂಬ ಮಾತು ಬಂದರೆ ಸಾಕಿತ್ತು.

ಒಂದು ದಿನ ಹೊಸ ಮೀನಿನವಳು ಬುಟ್ಟಿ ಇಳಿಸಿ, ದಪ್ಪ ಬಾಂಗಡೆಯನ್ನೆಲ್ಲ ಬಾಜೂ ಮನೆಗೆ ಆರಿಸಿಕೊಟ್ಟು, ಉಳಿದದ್ದನ್ನು ನಮಗೆ ತಂದಳು. “ನಮ್ಮನೆ ಗುರ್ತು ಹೆಂಗೆ ಸಿಕ್ತು?” ಎಂದು ಕೇಳಿದೆ.

“ಅಯ್ಯೋ, ಸಸಾರ ಅಲ್ದಾ! ಹಸ್ರು ಲುಂಗಿಯವ್ರ ಬಾಜೂ ಮನೆ ಅಂದ್ರು.”

ನಾನು ಆ ಮನೆಯಲ್ಲಿದ್ದದ್ದು ಹನ್ನೊಂದು ವರ್ಷದಿಂದ. ಲುಂಗಿ ಬಂದು ಹನ್ನೊಂದು ದಿನವೂ ಆಗಿರಲಿಲ್ಲ.

ಮರ್ಯಾದೆ

ನಮ್ಮಲ್ಲಿ ಒಂದು ಪದ್ಧತಿ ಉಂಟು. ಎತ್ತಿ ಕಟ್ಟಿದ ಲುಂಗಿಯನ್ನು ಹಿರಿಯರು ಎದುರಾದರೆ ಕೂಡಲೇ ಕೆಳಗೆ ಬಿಡಬೇಕು. ಕೈಮುಗಿಯದಿದ್ದರೂ ನಡೆಯುತ್ತದೆ, ಲುಂಗಿ ಇಳಿಸದಿದ್ದರೆ ಮನೆತನದ ವಿಚಾರಣೆಯಾಗುತ್ತದೆ.

ಒಂದು ಸಂಜೆ ನಾನು ಚಾದಂಗಡಿಯ ಎದುರು ಹೋಗುವಾಗ ಕದ್ರಾದವರು ನನ್ನನ್ನು ಕಂಡದ್ದೇ ಎದ್ದು ನಿಂತು, ಆ ನೇರಳೆ ಲುಂಗಿಯನ್ನು ಪಾದದವರೆಗೆ ಇಳಿಸಿದರು. ನಾಲ್ಕು ಜನ ನೋಡಿದರು. ನನಗೆ ಎದೆ ಎರಡು ಅಂಗುಲ ಹಿಗ್ಗಿತು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, “ನೋಡು, ಏನೇ ಬಣ್ಣ ಉಟ್ರೂ ಯೋಗ್ಯತೆ ಯಾರದು ಅಂತ ಅವ್ರಿಗೆ ಗೊತ್ತದೆ.”

ಅವಳು ಕಾಯಿ ತುರಿಯುತ್ತ ಅಂದಳು, “ಹೌದು, ನಿನ್ನೆ ಅವ್ರೇ ಹೇಳಿದ್ರು. ಪಾಪ, ವಯಸ್ಸಾದವ್ರು, ಮರ್ಯಾದೆ ಕೊಡೂದು ನಮ್ಮ ಧರ್ಮ ಅಂತ.”

ಮತದಾರರ ಪಟ್ಟಿ ಬರೆಯಲು ಮನೆಮನೆ ತಿರುಗಿದವನು ನಾನೇ. ಅವರು ನನಗಿಂತ ಎರಡು ವರ್ಷಕ್ಕೆ ದೊಡ್ಡವರು!

ಮರುದಿನದಿಂದ ಅವರು ದೂರದಲ್ಲಿ ಕಂಡ ಕೂಡಲೇ ನಾನೇ ಮೊದಲು ಲುಂಗಿ ಇಳಿಸತೊಡಗಿದೆ. ಅವರಿಗೂ ಗುಟ್ಟು ತಿಳಿಯಿತು. ನಾನು ಚಾದಂಗಡಿಯ ಹತ್ತಿರ ಇಳಿಸಿದರೆ ಅವರು ಹಿಟ್ಟಿನ ಗಿರಣಿಯ ಹತ್ತಿರವೇ ಇಳಿಸಿ ನಿಂತಿರುತ್ತಿದ್ದರು. ಹೀಗೆ ಒಬ್ಬರಿಗಿಂತ ಒಬ್ಬರು ಮೊದಲು ಮರ್ಯಾದೆ ಕೊಡುವ ಭರದಲ್ಲಿ, ಒಂದು ಶುಕ್ರವಾರ, ಶಾಲೆಯ ಹೆಡ್‌ಮಾಸ್ತರರ ಸಮಕ್ಷಮದಲ್ಲಿ, ನನ್ನದು ಇಳಿಯಬೇಕಾದದ್ದಕ್ಕಿಂತ ತುಸು ಹೆಚ್ಚೇ ಇಳಿಯಿತು.

ಕೆಂಪು

ಇನ್ನು ತಡೆಯಲಾರೆ ಎಂದು ಕಾರವಾರದ ಆದಿತ್ಯವಾರದ ಸಂತೆಗೆ ಹೋಗಿ ಕಡುಕೆಂಪು ಲುಂಗಿ ಆರಿಸಿದೆ. “ಬಣ್ಣ ಹೋಗೂದಿಲ್ಲ ಅಲ್ದಾ?” ಎಂದು ಮೂರು ಸಲ ಕೇಳಿದೆ.

ಅಂಗಡಿಯವ ಎದೆಮುಟ್ಟಿ ಹೇಳಿದ, “ನೀವು ಹೋದ್ರೂ ಇದ್ರ ಬಣ್ಣ ಹೋಗೂದಿಲ್ಲ ಮಾರಾಯ್ರೆ.”

ಮೊದಲ ಒಗೆತಕ್ಕೇ ಹೋಯಿತು. ಹೋದದ್ದು ನನ್ನ ನಾಲ್ಕು ಬನೀನು, ಎರಡು ಬಿಳಿ ಅಂಗಿ, ಒಂದು ಪಂಚೆಗೆ. ಉಟ್ಟು ಬೆವರಿದ್ದರಿಂದ ಮೊಣಕಾಲಿನವರೆಗೆ ನಾನೂ ಹಸುಗೂಸಿನ ಬಣ್ಣಕ್ಕೆ ತಿರುಗಿದ್ದೆ. ಕದ್ರಾದವರು ಬೇಲಿಯಾಚೆಯಿಂದ ಮರುಗಿದರು. “ಕಾರಕೂನ್ರೆ, ಮೊದ್ಲು ಉಪ್ಪುನೀರಲ್ಲಿ ನೆನೆಸ್ಬೇಕಾಗಿತ್ತು. ನನ್ನತ್ರ ಒಂದ್ ಮಾತು ಕೇಳೂದಲ್ವಾ?” ಅವರ ಹತ್ತಿರ ಕೇಳುವುದಕ್ಕಿಂತ ಸಮುದ್ರಕ್ಕೆ ಹಾರುವುದು ಲೇಸು. ಅಲ್ಲಿಯೂ ಉಪ್ಪುನೀರೇ ಇತ್ತಲ್ಲ.

ಹೆಂಡತಿ ಗುಲಾಬಿ ಬನೀನುಗಳನ್ನು ಸಾಲಾಗಿ ಅಂಗಳದಲ್ಲಿ ಒಣಹಾಕಿದಳು. ಆ ವಾರ ಅಂಚೆಯವನು ಹೊಸಬನಿಗೆ ಬೀದಿ ತೋರಿಸುತ್ತಿದ್ದ. “ಅದು ಹಸ್ರು ಲುಂಗಿಯವ್ರ ಮನೆ. ಇದು ಗುಲಾಬಿ ಬನೀನಿನವ್ರದ್ದು.”

ಅಂತೂ ನನಗೊಂದು ಸ್ವಂತ ವಿಳಾಸ ಸಿಕ್ಕಿತು.

ಬರೆ

ನನ್ನ ಹೆಂಡತಿಯ ತವರಿನವರು ಚೆಂಡಿಯಾದವರು, ಮನೆಮಾತು ಕೊಂಕಣಿ. ಜಾಗ ನೌಕಾನೆಲೆಗೆ ಹೋದ ಮೇಲೆ ಬೇರೆ ಕಡೆ ಹೊಸ ಮನೆ ಕಟ್ಟಿಸಿದ್ದರು. ಅದರ ಗೃಹಪ್ರವೇಶಕ್ಕೆ ನಾವು ಹೋದರೆ ಬಾಗಿಲಲ್ಲೇ ಕದ್ರಾದವರು! ಮನೆಗೆ ವೈರಿಂಗು ಮಾಡಿಸಿಕೊಟ್ಟವರು ಅವರೇ ಅಂತೆ. ನನ್ನ ಮಾವನವರ ಮನೆಯಲ್ಲಿ ನನಗಿಂತ ಮೊದಲು ಅವರಿಗೆ ಪಾನಕ ಬಂತು.

ಪೂಜೆ, ಊಟ ಮುಗಿದ ಮೇಲೆ ಗಂಡಸರೆಲ್ಲ ಬಿಳಿ ಪಂಚೆ ಬಿಚ್ಚಿಟ್ಟು ಲುಂಗಿಗೆ ಬಂದರು. ಕದ್ರಾದವರದು ನವಿಲುಬಣ್ಣ. ಅತ್ತೆ ಬಾಯಿ ತುಂಬ ಹೇಳಿದರು, “ಕಿತಲೆ ಬರೆ ದಿಸ್ತಾ!” ಎಷ್ಟು ಚಂದ ಕಾಣುತ್ತದೆ ಎಂದು. ಕೊಂಕಣಿಯಲ್ಲಿ ಬರೆ ಅಂದರೆ ಚಂದ, ಒಳ್ಳೆಯದು.

ನಾನು ಈ ಸಲ ತಯಾರಾಗಿಯೇ ಬಂದಿದ್ದೆ. ಚೀಲದಲ್ಲಿ ಹಳದಿಯ ಮೇಲೆ ಕಪ್ಪು ಪಟ್ಟೆಯ ಲುಂಗಿ, ಉಪ್ಪುನೀರಲ್ಲಿ ಎರಡು ದಿನ ನೆನೆಸಿದ್ದು. ಉಟ್ಟುಕೊಂಡು ಪಡಸಾಲೆಗೆ ಬಂದೆ. ಎಲ್ಲರೂ ತಿರುಗಿ ನೋಡಿದರು. ಎಲ್ಲರೆದುರೇ ಹೆಂಡತಿಯನ್ನು ಕೇಳಿಬಿಟ್ಟೆ. “ಹೆಂಗದೆ?”

ಅವಳು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದಳು.

“ಬರೆ.”

ತವರಿನವರು ತಲೆದೂಗಿದರು. ಅತ್ತೆ ಕಣ್ಣೊರೆಸಿಕೊಂಡರು, ಮಗಳು ಗಂಡನನ್ನು ಹೊಗಳಿದಳಲ್ಲ! ಆದರೆ ಅಂಕೋಲೆಯಿಂದ ಬಂದ ಕನ್ನಡದವರ ಚಾಪೆಯಲ್ಲಿ ಕಿಸಕ್ಕೆಂದ ಸದ್ದು. ಕದ್ರಾದವರು ಕೆಮ್ಮುತ್ತ, “ಹುಲಿ ಕಂಡು ನರಿ ಬರೆ ಹಾಕ್ಕಂಡ ಹಾಗೆ ಅಂತಾರಲಾ, ಆ ಬರೆಯೇನ್ರಾ?” ಎಂದು ಪಕ್ಕದವರನ್ನು ಕೇಳಿದರು. ಕನ್ನಡದಲ್ಲಿ ಬರೆ ಅಂದರೆ ಕಾಸಿದ ಸೌಟಿನಿಂದ ಎಳೆಯುವುದು. ಅರ್ಧ ಮನೆ ನನ್ನನ್ನು ಹೊಗಳುತ್ತಿತ್ತು, ಅರ್ಧ ಮನೆ ಗೋಡೆಗೆ ಮುಖ ಮಾಡಿ ನಗುತ್ತಿತ್ತು. ಹೇಳಿದವಳು ಮಾತ್ರ ವೀಳ್ಯದ ತಟ್ಟೆ ಹಿಡಿದು ಒಳಗೆ ಹೋಗಿಬಿಟ್ಟಳು.

ಸಂಜೆಯ ಬಸ್ಸಿನಲ್ಲಿ ಅರಗಾ ದಾಟುವವರೆಗೆ ತಡೆದುಕೊಂಡೆ. ಹೊಟ್ಟೆಯೊಳಗಿನ ಕಿಚ್ಚಿಗಿಂತ ಆ ಎರಡಕ್ಷರ ಹೆಚ್ಚು ಸುಡುತ್ತಿತ್ತು. ಕಡೆಗೆ ಮೆಲ್ಲಗೆ ಕೇಳಿದೆ, “ಖರೇ ಹೇಳು. ಅದನ್ನ ಯಾವ ಭಾಷೇಲಿ ಹೇಳಿದ್ಯೇ?”

ಅವಳು ಕಿಟಕಿಯಾಚೆ ನೋಡುತ್ತಲೇ ಸೆರಗು ಸರಿಮಾಡಿಕೊಂಡಳು.

“ಲುಂಗಿಗೆ ಕನ್ನಡದಲ್ಲಿ,” ಎಂದಳು. “ನಿಮಗೆ ಕೊಂಕಣೀಲಿ.”