ಹಾಡಿನ ಪುಸ್ತಕದ ಅಂಬುಜಾಕ್ಷಿ

ಕೆಲವು ಹೆಂಗಸರಿಗೆ ಸವತಿಯ ಕಾಟವಂತೆ. ನನಗಿರುವುದು ಹಾಡಿನ ಪುಸ್ತಕಗಳ ಕಾಟ. ಹಿಂದೆ ಟಾಕೀಸಿನ ಮುಂದೆ ಶೇಂಗಾದ ಜೊತೆ ಮಾರುತ್ತಿದ್ದರಲ್ಲ, ಸಿನಿಮಾದ ಅರ್ಧ ಕಥೆ ಹೇಳಿ, ಉಳಿದದ್ದನ್ನು ತೆರೆಯ ಮೇಲೆ ನೋಡಿ ಎಂದು ಕೈಕೊಟ್ಟು, ಆಮೇಲೆ ಹಾಡುಗಳನ್ನಷ್ಟೇ ಅಚ್ಚು ಹಾಕಿರುತ್ತಿದ್ದ ತೆಳ್ಳನೆಯ ಪುಸ್ತಕಗಳು, ಅವೇ. ಜೊತೆಗೆ ನಾಟಕ ಕಂಪನಿಗಳ ಬಣ್ಣಬಣ್ಣದ ಹ್ಯಾಂಡ್‌ಬಿಲ್ಲುಗಳು. ನಮ್ಮ ಯಜಮಾನರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕರಿಬಸವರಾಜರು, ಹುಡುಗರಾಗಿದ್ದಾಗಿನಿಂದ ಇವನ್ನು ಕೂಡಿಹಾಕಿದ್ದಾರೆ. ಮಂಚದ ಕೆಳಗೆ ಎರಡು ಟ್ರಂಕು ತುಂಬಿ, ಉಳಿದದ್ದು ನನ್ನ ಬೀರುವಿಗೆ ಬಂದು ಕೂತಿದೆ. (ನನ್ನ ರೇಷ್ಮೆ ಸೀರೆಗಳು ಎಲ್ಲಿವೆ ಅಂತ ಕೇಳಬೇಡಿ. ಅಕ್ಕಿ ಡಬ್ಬಿಯ ಮೇಲಿವೆ.)

ಹೋದ ಭಾನುವಾರ ಕಾಲೇಜೊಂದರ ಉಪನ್ಯಾಸಕಿ ನಯನಾ ಎಂಬ ಹುಡುಗಿ, ಪ್ರದರ್ಶನಕ್ಕೆ ಪುಸ್ತಕ ಆರಿಸಲು ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಬಂದಳು. ಯಜಮಾನರು ಇಸ್ತ್ರಿ ಅಂಗಿ ತೊಟ್ಟು ಹಾಲಿನಲ್ಲಿ ವಿರಾಜಮಾನರಾದರು. ಒಳಗೆ ಧೂಳು ಹೊಡೆಯುವ ಘನಕಾರ್ಯ ನನ್ನದು.

ಆಗ ಸಿಕ್ಕಿತು ಒಂದು ಪುಸ್ತಕ. ಚಂದ್ರ, ಕಿಟಕಿ, ವಿರಹ ಬಂದ ಸಾಲುಗಳಿಗೆಲ್ಲ ಪೆನ್ಸಿಲಿನ ಗೆರೆ. ಅಂಚಿನಲ್ಲಿ ‘ಸಂಜೆ ಐದಕ್ಕೆ, ಮಹಡಿ ಕಿಟಕಿ’ ಅಂತ ಸಣ್ಣಗೆ ಬರೆದಿತ್ತು.

ನನಗೆ ಸಿಟ್ಟಿಗಿಂತ ಸಂತೋಷವೇ ಹೆಚ್ಚಾಯಿತು. ನಲವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯನ ಮೇಲೆ ಒಂದು ಗಟ್ಟಿ ಆರೋಪ ಸಿಕ್ಕಿರಲಿಲ್ಲ. ಇದನ್ನು ಹಿಡಿದುಕೊಂಡೇ ಬೀರು ಖಾಲಿ ಮಾಡಿಸಬೇಕೆಂದು ತೀರ್ಮಾನಿಸಿದೆ. ಬಂದವರು ಹೋಗುವವರೆಗೆ ತಡೆಯಬಹುದಿತ್ತು. ನಾನು ತಡೆಯುವವಳಲ್ಲ.

“ಏನ್ರಿ ಇದು?” ಎಂದು ಹಾಲಿಗೇ ನುಗ್ಗಿದೆ.

“ಹಾಡಿನ ಪುಸ್ತಕ.”

“ಅದು ನಂಗೂ ಕಾಣತೈತೆ. ಈ ಗೆರೆ ಎಳೆದೋಳು ಯಾರು? ಯಾರ ಮನಿ ಕಿಟಕಿ ಇದು? ನನ್ ಮುಂದೆ ಇಷ್ಟು ವರ್ಷ ಏನೂ ತಿಳೀದೋರಂಗೆ ಇದ್ರಲ್ಲ. ತಡೀರಿ, ಹಿಂದೇನು ಬರೆದೈತೋ ಅದನ್ನೂ ಓದ್ತೀನಿ.”

ಹಿಂದಿನ ಪುಟ ತಿರುಗಿಸಿದೆ. ‘ಓದಿ ವಾಪಸು ಕೊಡಬೇಕು. ಇಂತಿ, ಅ.’ ಆ ‘ಅ’ದ ಬಾಲಕ್ಕೊಂದು ಎಲೆ, ಎಲೆಗೆ ಮೂರು ನರ.

ಇಡೀ ಹರಿಹರದಲ್ಲಿ ‘ಅ’ಕ್ಕೆ ಎಲೆ ಬಿಡಿಸುತ್ತಿದ್ದ ಹುಡುಗಿ ಒಬ್ಬಳೇ. ಅವಳ ಹೆಸರು ಅನ್ನಪೂರ್ಣ. ಅಂದರೆ ನಾನು.

ನಿಮ್ಮಲ್ಲಿ ಮುಚ್ಚಿಡುವುದೇನು. ಹರಿಹರ ನನ್ನ ತವರು. ನಾನು ಪಿಯುಸಿ ಓದುವಾಗ ಎದುರು ಮನೆಗೆ ಗುಂಗುರು ಕೂದಲಿನವನೊಬ್ಬ ಬಾಡಿಗೆಗೆ ಬಂದಿದ್ದ. ಕಾಗದ ಬರೆಯುವ ಧೈರ್ಯ ಆಗಿನ ಹುಡುಗಿಯರಿಗೆ ಎಲ್ಲಿತ್ತು? ಹಾಡಿನ ಪುಸ್ತಕದಲ್ಲಿ ಬೇಕಾದ ಸಾಲಿಗೆ ಗೆರೆ ಎಳೆದು ಕೊಡುತ್ತಿದ್ದೆವು. ಸಿಕ್ಕಿಬಿದ್ದರೆ ಹಾಡು ಕವಿಯದ್ದು, ಅಚ್ಚು ಪ್ರೆಸ್ಸಿನವರದ್ದು. (ಅಷ್ಟೇ, ಮುಂದೇನೂ ಇಲ್ಲ. ಮುಂದಿನ ವಾರವೇ ಅವನಿಗೆ ವರ್ಗವಾಯಿತು.) ಆ ಪುಣ್ಯಾತ್ಮ ಅದನ್ನು ರದ್ದಿಗೆ ಹಾಕಿರಬೇಕು. ಮೂರು ವರ್ಷದ ಹಿಂದೆ ನಮ್ಮವರು ಹರಿಹರದ ಹಿದಾಯತ್ ಸಾಬರ ಗುಜರಿ ಅಂಗಡಿಯಿಂದ ಒಂದು ಚೀಲ ಪುಸ್ತಕ ತಂದಿದ್ದರು. ಬಸ್ಸಿನಿಂದ ಆ ಚೀಲ ಇಳಿಸಿಕೊಂಡವಳೂ ನಾನೇ.

“ಹೋಗ್ಲಿ ಬಿಡ್ರಿ, ಹಳೇದು. ಚಾ ಮಾಡ್ತೀನಿ” ಎಂದು ಪುಸ್ತಕ ಸೆರಗಿನೊಳಗೆ ಸೇರಿಸಿದೆ.

ನಯನಾ ಬಿಡಲಿಲ್ಲ. “ಕೊಡ್ರಿ ಆಂಟಿ, ನಮಗೆ ಬೇಕಾಗಿದ್ದೇ ಇಂಥದ್ದು. ಸರ್, ಇದನ್ನ ನಿಮಗೆ ಯಾರು ಕೊಟ್ಟಿದ್ದು? ‘ಅ’ ಅಂದ್ರೆ ಯಾರು?”

ಗುಜರಿಯಲ್ಲಿ ಸಿಕ್ಕಿದ್ದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಇಂಥ ಆರೋಪದ ಭಾಗ್ಯವೇ ಕಾಣದ ಮನುಷ್ಯ. ಫ್ಯಾನನ್ನು ನೋಡಿದರು, ನಿಟ್ಟುಸಿರುಬಿಟ್ಟರು.

“ಅಂಬುಜಾಕ್ಷಿ” ಎಂದರು.

ಆ ಹೆಸರು ನಾನು ಕೇಳಿದ್ದು ಅದೇ ಮೊದಲು.

“ನನ್ ಮೇಲೆ ಪ್ರಾಣಾನೇ ಇಟ್ಟಿದ್ಲು. ನಾನೇ ಬ್ಯಾಡ ಅಂದೆ.”

“ಯಾಕ ಸರ್?”

“ಹಲ್ಲು ಸ್ವಲ್ಪ ಮುಂದಿದ್ವು.”

“ಹಲ್ಲು ಸರಿಯಾಗೇ ಇದ್ವು” ಎಂದುಬಿಟ್ಟೆ. ಇಬ್ಬರೂ ನನ್ನ ಕಡೆ ತಿರುಗಿದರು.

“ನೀನು ನೋಡಿದ್ಯೇನೆ?”

“ಇಲ್ಲ. ಇದ್ದಿರಬೌದು ಅಂದೆ.”

ಅತ್ತ ದರಿ, ಇತ್ತ ಪುಲಿ. ಇವರು ಸುಳ್ಳು ಹೇಳುತ್ತಿದ್ದಾರೆ ಅನ್ನಬೇಕಾದರೆ ನಾನು ನಿಜ ಹೇಳಬೇಕು. ಬೀರುವಿನ ಮಾತೆತ್ತುವ ಬಾಯಿಯೇ ನನಗೆ ಉಳಿಯಲಿಲ್ಲ. ತೆಪ್ಪಗೆ ಚಾ ತಂದೆ.

“ಏನೇ ಅನ್ರಿ, ಅಕ್ಷರ ಮಾತ್ರ ಮುತ್ತು ಪೋಣಿಸಿದಂಗೈತೆ” ಎಂದು ಯಜಮಾನರು ನಯನಾಳಿಗೆ ಹೇಳುತ್ತಿದ್ದರು. ನನ್ನ ಕಿರಾಣಿ ಚೀಟಿ ನೋಡಿದಾಗಲೆಲ್ಲ ಕೋಳಿ ಕೆದರಿದಂಗೈತೆ ಅನ್ನುವ ಮಹಾನುಭಾವರು ಇವರೇ. ಹಿಗ್ಗಬೇಕೋ ಹೊಟ್ಟೆ ಉರಿದುಕೊಳ್ಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಪುಸ್ತಕದ ಪಕ್ಕ ಇಡಲು ಒಂದು ಚೀಟಿ ಬರೆದುಕೊಡಿ ಎಂದು ನಯನಾ ಕೇಳಿದಳು. “ನನ್ ವಿಷಯ ನಾನೇ ಬರ್ಕೊಂಡ್ರೆ ಚೆಂದಲ್ಲ, ನೀನೇ ಬರಿ” ಎಂದು ಯಜಮಾನರು ಪೆನ್ನು ನನಗೆ ಕೊಟ್ಟರು. “‘ಕುಮಾರಿ ಅಂಬುಜಾಕ್ಷಿಯವರು ಕರಿಬಸವರಾಜರಿಗೆ ಪ್ರೀತಿಯಿಂದ ಕೊಟ್ಟ ಪುಸ್ತಕ.’ ಹೂಂ, ಬರಿ.”

ಬರೆದರೆ ನನ್ನ ಆಗಿನ ಅಕ್ಷರ, ಈಗಿನ ಅಕ್ಷರ ಎರಡೂ ಅಕ್ಕಪಕ್ಕ ಕೂರುತ್ತವೆ. ನಯನಾಳ ಕಣ್ಣು ಬೇರೆ ಚುರುಕು. ಬಲಗೈ ಉಳುಕಿದೆ ಎಂದು ನೆಪ ಹೇಳಿ, ಬಸವಣ್ಣನನ್ನು ನೆನೆದು, ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದುಕೊಟ್ಟೆ.

ಯಜಮಾನರು ಚೀಟಿಯನ್ನು ಪುಸ್ತಕದ ಪಕ್ಕ ಇಟ್ಟು, ಅದನ್ನೊಮ್ಮೆ, ಇದನ್ನೊಮ್ಮೆ, ಕಡೆಗೆ ನನ್ನನ್ನೊಮ್ಮೆ ನೋಡಿದರು.

“ನೋಡ್ದೇನಮ್ಮ ನಯನಾ” ಎಂದರು, ಬಹಳ ನೊಂದು. “ಅಂಬುಜಾಕ್ಷೀನ ಬ್ಯಾಡ ಅಂದಿದ್ದೇ ತಪ್ಪಾತು.”