ಸದ್ದಿಲ್ಲದ ಕ್ಯಾಮೆರಾಕ್ಕೆ, ಕೈ ಎತ್ತಿ ನಿಂತವರ ಪರವಾಗಿ

ಮಾನ್ಯ ಮಿರರ್‌ಲೆಸ್ ಕ್ಯಾಮೆರಾ ಅವರೇ,

ತಮ್ಮ ಪೆಟ್ಟಿಗೆ ಬಿಚ್ಚಿ ಇಂದಿಗೆ ಮೂರು ದಿನ. ಉಡುಪು ಕಾರ್ಖಾನೆಯ ಕಾರ್ಮಿಕ ಸಂಘದ ಫೋಟೊಗ್ರಾಫರನಾದ ನಾನು ತಮಗೂ, ತಮ್ಮ ಜೊತೆ ದಯಮಾಡಿಸಿದ ಎರಡು ಪುಟ್ಟ ಲೆನ್ಸುಗಳಿಗೂ ತಲೆಬಾಗಿ ವಂದಿಸುತ್ತೇನೆ. ಬಾಗುವುದು ಕಷ್ಟವೇನಲ್ಲ, ತಮ್ಮ ಪೂರ್ವಾಧಿಕಾರಿಯಾದ ಹಳೆಯ ಕ್ಯಾಮೆರಾವನ್ನು ಹದಿನಾರು ವರ್ಷ ಹೊತ್ತು ನನ್ನ ಕತ್ತು ತಾನಾಗಿಯೇ ಬಾಗಿದೆ.

ತಾವೆಷ್ಟು ಹಗುರವೆಂದರೆ, ಮೊದಲ ದಿನ ತಮ್ಮನ್ನು ಕೊರಳಲ್ಲೇ ಹಾಕಿಕೊಂಡು ಮನೆಯೆಲ್ಲ ಹುಡುಕಾಡಿದೆ. ಎದುರಿಗೆ ನಿಂತ ಒಂದೊಂದು ಮುಖವನ್ನೂ ಗುರುತಿಸಿ ತಾವು ಪರದೆಯ ಮೇಲೆ ಚೌಕ ಹಾಕುತ್ತೀರಿ. ಹನ್ನೊಂದು ವರ್ಷದಿಂದ ಅವೇ ಮುಖಗಳನ್ನು ನೋಡಿಯೂ ಗುರುತು ಹಿಡಿಯದ ನಮ್ಮ ಮ್ಯಾನೇಜರರಿಗೆ ಈ ವಿದ್ಯೆ ಕಲಿಸಿಕೊಡಬೇಕು, ಬ್ಯಾಟರಿ ನಮ್ಮದು.

ದೂರಿರುವುದು ತಮ್ಮ ಮೌನದ ಮೇಲೆ. ಹಳೆಯವರ ಹೊಟ್ಟೆಯಲ್ಲಿ, ತಮಗಿಲ್ಲದ ಒಂದು ಕನ್ನಡಿ ಇತ್ತು. ಗುಂಡಿ ಒತ್ತಿದರೆ ಅದು ಎದ್ದು ಬೀಳುವ 'ಖಟಕ್' ಗೇಟಿನಾಚೆಗೂ ಕೇಳುತ್ತಿತ್ತು. ಆ ಖಟಕ್ ಕೇಳುವವರೆಗೆ ಎತ್ತಿದ ಮುಷ್ಟಿ ಇಳಿಸಬಾರದು, ಮಾತಾಡಬಾರದು ಎಂಬುದು ನಮ್ಮ ಸಂಘದ ಕಟ್ಟಪ್ಪಣೆ.

ನಿನ್ನೆ ಊಟದ ಬಿಡುವಿನಲ್ಲಿ ನಲವತ್ತು ಹೆಂಗಸರು ಹೊಲಿಗೆ ಹಾಲಿನ ಹಿಂಬಾಗಿಲ ಮುಂದೆ ಮುಷ್ಟಿ ಎತ್ತಿ ನಿಂತರು. ಆ ಬಾಗಿಲಿಗೆ ದಿನವಿಡೀ ಬೀಗ. ಬೆಂಕಿ ಬಿದ್ದರೆ ಬೂದಿಯಾಗಿಯೇ ಹೊರಬರಬೇಕು. ಆರು ಮನವಿ ಕೊಟ್ಟರೂ ಮ್ಯಾನೇಜರರದು ಒಂದೇ ಉತ್ತರ: "ಕೀಲಿಕೈ ಸಿಗ್ತಾ ಇಲ್ಲ ಕಣ್ರಮ್ಮಾ." ನಾನು ಗುಂಡಿ ಒತ್ತಿದೆ. ತಾವು ತುಟಿಪಿಟಕ್ಕೆನ್ನಲಿಲ್ಲ. ಚಿತ್ರ ಬಂತೋ ಇಲ್ಲವೋ ಎಂದು ನನಗೇ ಅನುಮಾನವಾಗಿ ಮತ್ತೆ ಒತ್ತಿದೆ, ಮತ್ತೂ ಒತ್ತಿದೆ. ಬಿಡುವು ಮುಗಿದ ಬೆಲ್ಲು ಹೊಡೆಯಿತು. ಒಂದು ಕೈಯೂ ಇಳಿಯಲಿಲ್ಲ. ಕಾಜಾ ಹೊಲಿಯುವ ನಮ್ಮತ್ತಿಗೆ ಮಾತ್ರ ಕಟ್ಟಪ್ಪಣೆ ಮುರಿದು, ಹಲ್ಲಿನ ಸಂದಿಯಲ್ಲೇ, "ಲೋ ಮೈದುನಾ, ಫೋಟೊ ತೆಗೀತೀಯೋ, ನನ್ನ ರಟ್ಟೆ ಕಿತ್ಕೊಂಡು ಹೋಗ್ತೀಯೋ?" ಎಂದು ಉಗಿದರು.

ಮ್ಯಾನೇಜರ್ ಓಡಿಬಂದರು. ಘೋಷಣೆಯಿಲ್ಲ, ಬೈಗುಳವಿಲ್ಲ, ಬರೀ ನಲವತ್ತು ಮುಷ್ಟಿ. "ಏನ್ರಮ್ಮಾ ಇದು? ಮೊದ್ಲು ಕೈ ಇಳಿಸಿ. ಯಾರಾದ್ರೂ ಬಾಯಿ ಬಿಡ್ರಮ್ಮಾ!" ಎಂದು ಗೋಗರೆದರು. ಫೋಟೊ ಮುಗಿಯದೆ ಯಾರು ಬಾಯಿ ಬಿಟ್ಟಾರು? ಬೆವರೊರೆಸಿಕೊಂಡು, ಸಿಗದೇ ಇದ್ದ ಕೀಲಿಕೈಯನ್ನು ತಮ್ಮದೇ ಪ್ಯಾಂಟಿನ ಜೇಬಿನಿಂದ ತೆಗೆದು ಬೀಗಕ್ಕೆ ತಿರುವಿದರು.

ಖಟಕ್!

ನಲವತ್ತು ಕೈಗಳೂ ಒಟ್ಟಿಗೆ ಇಳಿದವು.

ಕಡೆಯ ಚಿತ್ರದಲ್ಲಿ ತಾವು ಮ್ಯಾನೇಜರರ ಮುಖವನ್ನೂ ನಮ್ಮವರ ಮುಖದಷ್ಟೇ ನಿಚ್ಚಳವಾಗಿ ತೆಗೆದಿದ್ದೀರಿ. ಈ ಉದಾರತೆ ಸಂಘದ ನಿಲುವಲ್ಲ. ಆದ್ದರಿಂದ ದೂರನ್ನು ಹಿಂಪಡೆಯುವುದಿಲ್ಲ. ತಾವು ಖುದ್ದಾಗಿ ಬಂದು ನಲವತ್ತು ಭುಜಗಳಿಗೂ ಎಣ್ಣೆ ತಿಕ್ಕಬೇಕೆಂದು, ಅತ್ತಿಗೆಯಿಂದಲೇ ಆರಂಭಿಸಬೇಕೆಂದು ವಿನಂತಿ.

ನೆಟ್ಟಗಾಗುತ್ತಿರುವ ಕತ್ತಿನ,
ತಮ್ಮ ವಿಶ್ವಾಸಿ,
ಸಂಘದ ಫೋಟೊಗ್ರಾಫರ್

ಮರೆತ ಮಾತು: ಬೇಕೆಂದರೆ ತಾವೂ ಖಟಕ್ ಎಂದು ಸದ್ದು ಮಾಡಬಲ್ಲಿರೆಂದು ಕೈಪಿಡಿಯ ಎಪ್ಪತ್ತೆರಡನೇ ಪುಟದಲ್ಲಿದೆ. ಆ ಪುಟ ಹರಿದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಬಾಗಿಲಿಗೆ ಮತ್ತೆ ಬೀಗ ಬಿದ್ದ ದಿನ ತಾವು ಅಪ್ಪಿತಪ್ಪಿಯೂ ಬಾಯಿ ಬಿಡಬಾರದು.